ರಥಕ್ಕೆ ಎಸೆಯುವ ಉತ್ತತ್ತಿ



ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ, ಬೇವು ಚಿಗುರಿ ಮಾವಿನಲ್ಲಿ ಮಿಡಿ ಕಾಣಿಸಿಕೊಳ್ಳುವ ಹೊತ್ತಿಗೆ, ಕಲಬುರಗಿಯಲ್ಲಿ ಮಹಾದಾಸೋಹಿ ಶ್ರೀ ಶರಣಬಸವೇಶ್ವರರ ರಥೋತ್ಸವವು ಜರುಗುತ್ತದೆ. ಚಳಿಗಾಲದಲ್ಲಿ ನಾಲವಾರದ ಶ್ರೀ ಕೋರಿಸಿದ್ಧೇಶ್ವರ ಮಠದ ತನಾರತಿಯನ್ನು ಮುಗಿಸಿದ ಭಕ್ತರು ವಾಡಿ, ಶಹಾಬಾದಗಳ ಮಾರ್ಗವಾಗಿ ರೈಲಿನಲ್ಲಿ ಈ ಜಾತ್ರೆಗೆ ಹೋಗುತ್ತಾರೆ. ಸೇಡಂ, ಚಿಂಚೋಳಿ ಸೀಮೆಯವರೂ ಬಂದು ಸೇರುತ್ತಾರೆ. ತೇರು ಕದಲಿದೊಡನೆ ಸುತ್ತಲಿನ ಜನಸಾಗರದಿಂದ ಬಾಳೆಹಣ್ಣು ಉತ್ತತ್ತಿಗಳು ಮಳೆಗರೆದಂತೆ ರಥದ ಮೇಲೆ ಬೀಳುತ್ತವೆ. ನೀವೂ ಎಸೆದಿರಬಹುದು. ನಿಮ್ಮ ಕೈಯಿಂದ ಹೋದ ಆ ಉತ್ತತ್ತಿ ಯಾವ ನೆಲದ ಫಲವೆಂಬುದನ್ನು ಎಂದಾದರೂ ವಿಚಾರಿಸಿದ್ದೀರಾ?

ಉತ್ತತ್ತಿಯೆಂದರೂ ಖಾರೀಕೆಂದರೂ ಅದು ಒಣಗಿದ ಖರ್ಜೂರವೇ. ಖರ್ಜೂರವೆಂಬ ಹೆಸರು ಚರಕಸಂಹಿತೆಯಷ್ಟು ಹಳೆಯದು. ಆದರೆ ಉತ್ತತ್ತಿ ನಮ್ಮ ಸೀಮೆಯ ಬೆಳೆಯಲ್ಲ. ನಮ್ಮ ಹಳ್ಳದ ದಂಡೆಗಳಲ್ಲಿರುವುದು ಅದರ ದಾಯಾದಿಯಾದ ಈಚಲು. ಅದರ ಹಣ್ಣು ದನಗಾಹಿ ಮಕ್ಕಳ ಪಾಲು, ಅದರ ರಸ ಸಿಂದಿಯಂಗಡಿಯ ಪಾಲು. ಖರ್ಜೂರದ ಗೊನೆ ಮಾಗುವಾಗ ಮಳೆ ಬೀಳಬಾರದು, ಬಿದ್ದರೆ ಹಣ್ಣು ಕೊಳೆಯುತ್ತದೆ. ನಮ್ಮಲ್ಲಿ ಮಳೆ ಬರುವುದೇ ಆ ಕಾಲದಲ್ಲಿ.

ಮುಂಗಾರಿನ ಅಂಚಿಗೆ ಸಿಕ್ಕುವ ಸಿಂಧ ಪ್ರಾಂತದ ಖೈರಪುರದ ರೈತರು ಈ ತೊಡಕಿಗೆ ಉಪಾಯವೊಂದನ್ನು ಕಂಡುಕೊಂಡರು. ಹಣ್ಣು ಪೂರ್ಣ ಮಾಗುವ ಮೊದಲೇ ಗೊನೆಯನ್ನಿಳಿಸಿ, ನೀರಿನಲ್ಲಿ ಕುದಿಸಿ, ಬಿಸಿಲಿಗೆ ಹರವುತ್ತಾರೆ. ಒಮಾನಿನಲ್ಲಿಯೂ ಮಬ್ಸಲಿ ಎಂಬ ಜಾತಿಯ ಹಳದಿ ಕಾಯಿಗಳನ್ನು ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ ಒಣಗಿಸುವ ಪದ್ಧತಿ ಬಹುಕಾಲದಿಂದಲೂ ಇದೆ. ಆ ಸರಕಿಗೆ ಮುಖ್ಯ ಗಿರಾಕಿ ಹಿಂದೂಸ್ಥಾನವೇ ಆಗಿದ್ದಿತು. ಹೀಗೆ ಕುದಿಸಿ ಒಣಗಿಸಿದ ಹಣ್ಣು ವರುಷವಿಟ್ಟರೂ ಕೆಡದು, ಹಡಗಿನಲ್ಲಿ ಕೊಳೆಯದು. ಗೋಣಿಯಲ್ಲಿ ಒತ್ತಿದರೂ ಅದಕ್ಕೆ ಹಾನಿಯಿಲ್ಲ.

ಈ ಸಮುದ್ರಮಾರ್ಗವು ನಮ್ಮ ನಾಡಿಗೆ ಹೊಸದಲ್ಲ. 1347ರಲ್ಲಿ ಕಲಬುರಗಿಯು ಬಹಮನಿ ಅರಸರ ರಾಜಧಾನಿಯಾಯಿತು; ಮುಂದೆ ರಾಜಧಾನಿ ಬೀದರಕ್ಕೆ ಹೋಯಿತು. ಆ ಕುದುರೆಯ ಪಡೆಗಳಿಗೆ ಬೇಕಾದ ಅಶ್ವಗಳು ಹೊರ್ಮುಜ್ ಮತ್ತು ಅರಬಸ್ಥಾನದ ಕಡೆಯಿಂದ ಚೌಲ, ದಾಭೋಳಗಳ ಬಂದರಿಗೆ ಇಳಿಯುತ್ತಿದ್ದವು. 1470ರ ಆಸುಪಾಸಿನಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಇದೇ ದಾರಿಯಲ್ಲಿ ಒಂದು ಕುದುರೆಯೊಡನೆ ಬಂದು ಬೀದರದಲ್ಲಿ ತಂಗಿದ್ದನು. ನಮ್ಮ ಆಳಂದದಲ್ಲಿ ವರುಷಕ್ಕೊಮ್ಮೆ ಹತ್ತು ದಿನ ನೆರೆಯುವ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಬರೆದಿದ್ದಾನೆ. ಲೆಕ್ಕ ಹಿಗ್ಗಿರಬಹುದು, ವರ್ತಕರ ಬಾಯಲ್ಲಿ ಸಂಖ್ಯೆಗಳು ಹಿಗ್ಗುವುದು ಸಹಜ. ಅವನ ಇನ್ನೊಂದು ಮಾತು ನಮ್ಮ ಪ್ರಸ್ತುತಕ್ಕೆ ಹೆಚ್ಚಿನದು. ಹೊರ್ಮುಜಿಗೆ ಬರುವ ಮೊದಲು ಪರ್ಶಿಯದ ತಾರೋಮ್ ಎಂಬಲ್ಲಿ ಖರ್ಜೂರವನ್ನು ದನಕರುಗಳಿಗೆ ಮೇವಾಗಿ ಹಾಕುವುದನ್ನು ಅವನು ಕಂಡನಂತೆ! ಅಲ್ಲಿ ದನದ ಮೇವು, ಇಲ್ಲಿ ರಥಕ್ಕೆ ಅರ್ಪಿತ. ಬರಿ ರಥಕ್ಕೆ ಮಾತ್ರವೇನು, ನಮ್ಮ ತಾಯಂದಿರು ಉಡಿ ತುಂಬುವಾಗ ಅರಿಷಿಣದ ಬೇರು, ಅಡಿಕೆ, ಕೊಬ್ಬರಿಯ ಬಟ್ಟಲೊಡನೆ ಉತ್ತತ್ತಿ ಇರಲೇಬೇಕು. ಬಾಣಂತಿಯ ಅಂಟಿನುಂಡೆಗೂ ಅದು ಬೇಕು. ಪರದೇಶದ ಫಲ ಮನೆಯ ಮಗಳಾಗಿಬಿಟ್ಟಿದೆ.

ಶರಣಬಸವೇಶ್ವರರು 1746ರಲ್ಲಿ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಜನಿಸಿ, ಕಲಬುರಗಿಯಲ್ಲಿ 1822ರಲ್ಲಿ ಲಿಂಗೈಕ್ಯರಾದರು. ಆ ಕಾಲಕ್ಕೆ ಪರಸ್ಥಳದ ಸರಕೆಲ್ಲ ಎತ್ತಿನ ಬೆನ್ನಿನ ಮೇಲೆ, ಬಂಡಿಯ ಮೇಲೆ ಬರಬೇಕಿತ್ತು. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿ ಕಲಬುರಗಿ, ವಾಡಿ, ನಾಲವಾರಗಳ ಮೂಲಕ ರಾಯಚೂರನ್ನು ಮುಟ್ಟಿತು. ಬಂದರಿನ ಗೋಣಿ ನೇರವಾಗಿ ನಮ್ಮ ಪೇಟೆಗೆ ಬರಲು ಹಳಿಯಾಯಿತು.

ಅನ್ನವನ್ನು ಎಸೆಯುವುದು ತರವೇ ಎಂದು ಕೇಳುವ ಯುವಕರಿದ್ದಾರೆ. ಪ್ರಶ್ನೆ ಅನುಚಿತವೇನಲ್ಲ. ತೆನೆಗೆರಗಿದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇರಿಸಿದವರೆಂದು ಶರಣರ ಕಥೆ ಹೇಳುತ್ತದೆ. ಅಂಥವರ ತೇರಿನ ಕೆಳಗೆ ಆಹಾರ ತುಳಿತಕ್ಕೆ ಸಿಕ್ಕುವುದನ್ನು ಕಂಡರೆ ನೋವಾಗುತ್ತದೆ. ಬಾಳೆಹಣ್ಣಿನ ವಿಷಯದಲ್ಲಿ ನಾವು ಆ ಯುವಕರ ಪಕ್ಷವೇ. ಅದು ಜಜ್ಜಿಹೋಗುತ್ತದೆ, ಹಗ್ಗ ಹಿಡಿದವರ ಕಾಲು ಜಾರಿಸುತ್ತದೆ. ಉತ್ತತ್ತಿಯ ಮಾತು ಬೇರೆ. ತೇರಿಗೆ ತಾಗಿ ಸಿಡಿದದ್ದನ್ನು ಜನ ಸೆರಗೊಡ್ಡಿ ಹಿಡಿಯುತ್ತಾರೆ. ಮಣ್ಣಿಗೆ ಬಿದ್ದದ್ದನ್ನೂ ಹೆಕ್ಕಿ, ತೊಳೆದು, ಊರಿಗೆ ಒಯ್ದು ನೆರೆಮನೆಯವರಿಗೆ ಪ್ರಸಾದವೆಂದು ಹಂಚುತ್ತಾರೆ. ಬಡವನೂ ಒಂದೇ ಒಂದನ್ನು ಕೊಂಡು ಎಸೆಯಬಹುದು.

ಈಚಿನ ವರುಷಗಳಲ್ಲಿ ಈ ಹಣ್ಣಿನ ದಾರಿ ಮತ್ತೆ ಬದಲಾಗಿದೆ. 1947ರ ದೇಶವಿಭಜನೆಯಿಂದ ಖೈರಪುರ ಪರರಾಜ್ಯಕ್ಕೆ ಸೇರಿದರೂ ನಾವು ತಿನ್ನುವ ಉತ್ತತ್ತಿಯ ಬಹುಪಾಲು ಅಲ್ಲಿಂದಲೇ ಬರುತ್ತಿದ್ದಿತು. 2019ರ ಫೆಬ್ರುವರಿಯಲ್ಲಿ ಪುಲ್ವಾಮದ ದಾಳಿಯ ತರುವಾಯ ಪಾಕಿಸ್ತಾನದ ಸರಕಿನ ಮೇಲೆ ಭಾರತವು ಶೇಕಡಾ 200ರಷ್ಟು ಸುಂಕ ವಿಧಿಸಿತು. 2025ರ ಮೇ ತಿಂಗಳಲ್ಲಿ ಅಲ್ಲಿಯ ಆಮದನ್ನು ಪೂರ್ಣವಾಗಿ ನಿಷೇಧಿಸಿತು. ಆ ನಿರ್ಣಯಗಳ ರಾಜಕಾರಣವನ್ನು ಇಲ್ಲಿ ಚರ್ಚಿಸಲು ನಾವು ಹೊರಟಿಲ್ಲ. ನಾಲವಾರದ ಸಂತೆಯಲ್ಲಿ ಉಡಿಗೆಂದು ಐದು ಉತ್ತತ್ತಿ ಕೊಳ್ಳುವ ತಾಯಿಗೆ ಹಡಗಿನ, ಸುಂಕದ ಈ ಕಥೆ ತಲುಪುವುದು ದರದ ರೂಪದಲ್ಲಿ. ಆಕೆ ಒಂದು ಗಳಿಗೆ ಚೌಕಾಶಿ ಮಾಡುತ್ತಾಳೆ, ಆಮೇಲೆ ಐದನ್ನು ಉಡಿಗೆ ಎಣಿಸಿಕೊಂಡು, ತೇರಿಗೆಂದು ಆರನೆಯದನ್ನೂ ಕೇಳಿ ಪಡೆಯುತ್ತಾಳೆ.