ಸುಲಿದು ಅಂಟಿಸುವ ಹಾಳೆ: ಹಳೆಯ ಕಪಾಟಿಗೆ ಹೊಸ ಮೈ

ಬಾಡಿಗೆ ಮನೆಯ ಅಡುಗೆಕೋಣೆ. ಒಗ್ಗರಣೆಯ ಎಣ್ಣೆ ಸಿಡಿದು ಕಪಾಟಿನ ಬಾಗಿಲುಗಳು ಬಣ್ಣಗೆಟ್ಟಿವೆ. ಅಂಚುಗಳಲ್ಲಿ ಸನ್‌ಮೈಕಾ ಸವೆದಿದೆ. ಹೊಸ ಕಪಾಟು ಮಾಡಿಸಿಕೊಡಲು ಮಾಲೀಕರು ಸಿದ್ಧರಿಲ್ಲ. ಇನ್ನೊಬ್ಬರ ಮನೆಗೆ ದೊಡ್ಡ ಮೊತ್ತ ಸುರಿಯಲು ಬಾಡಿಗೆದಾರರಿಗೆ ಮನಸ್ಸಿಲ್ಲ. ನಗರವಾಸಿಗಳ ಈ ಇಕ್ಕಟ್ಟಿಗೆ ಅಗ್ಗದ ಉತ್ತರವಾಗಿ ಬಂದಿರುವುದು ಹಿಂಬದಿಯ ಕಾಗದ ಸುಲಿದು ಅಂಟಿಸುವ ಹಾಳೆ, ಅಂದರೆ ಕಾಂಟ್ಯಾಕ್ಟ್ ಪೇಪರ್. ಅಂಗಡಿಗಳಲ್ಲಿ ಇದಕ್ಕೆ ವಾಲ್‌ಪೇಪರ್ ಸ್ಟಿಕರ್, ಮಾರ್ಬಲ್ ಶೀಟ್ ಎಂಬ ಹೆಸರುಗಳೂ ಉಂಟು.

ಬಡಗಿ ಬೇಡ, ಪೇಂಟರ್ ಬೇಡ, ಅಂಟು ಕಲಸುವ ಗೋಜಿಲ್ಲ. ಕತ್ತರಿ, ಅಳತೆಪಟ್ಟಿ ಮತ್ತು ಒಂದು ಭಾನುವಾರದ ಬಿಡುವು ಇದ್ದರೆ ಸಾಕು. ಆದರೆ ತಪ್ಪು ಜಾಗದಲ್ಲಿ ಅಂಟಿಸಿದ ಹಾಳೆ ಗೋಡೆಯ ಬಣ್ಣವನ್ನು ಕಿತ್ತು ತರುತ್ತದೆ, ತೇವವನ್ನು ಮರೆಮಾಚುತ್ತದೆ, ಒಲೆಯ ಪಕ್ಕದಲ್ಲಿದ್ದರೆ ಅಪಾಯವನ್ನೂ ತರುತ್ತದೆ. ಆದ್ದರಿಂದ ಹಾಳೆಯ ಗುಣ ತಿಳಿದು ಕೆಲಸಕ್ಕೆ ಇಳಿಯುವುದು ಲೇಸು.

ಪತ್ರಿಕೆಯಿಂದ ಪ್ಲಾಸ್ಟಿಕ್‌ವರೆಗೆ

ಗೂಡು, ಕಪಾಟುಗಳ ಒಳಮೈಗೆ ಹೊದಿಕೆ ಹಾಸುವುದು ನಮ್ಮ ಮನೆಗಳಿಗೆ ಹೊಸತಲ್ಲ. ಕಡಪ ಕಲ್ಲಿನ ಗೂಡುಗಳಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಮುಂದಿನ ಅಂಚನ್ನು ಕತ್ತರಿಯಿಂದ ಹೂವಿನಂತೆ ಕತ್ತರಿಸಿ ಇಳಿಬಿಡುವುದು ಹಿಂದಿನ ಗೃಹಿಣಿಯರ ಜಾಣ್ಮೆಯಾಗಿತ್ತು. ಹಬ್ಬ ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಹಾಸಿದರೆ ಆಯಿತು. ಅಂಟುವ ಹಾಳೆ ಇದೇ ಉದ್ದೇಶದ ಕೈಗಾರಿಕಾ ರೂಪ.

ಇದರ ಹಿಂದೆ ಮೂರು ಸಂಶೋಧನೆಗಳಿವೆ. ಅಮೆರಿಕದ ರಿಚರ್ಡ್ ಡ್ರೂ 1925ರಲ್ಲಿ ಪೇಂಟರ್‌ಗಳ ಬಳಕೆಗಾಗಿ, ಒತ್ತಿದರೆ ಅಂಟುವ, ಎಳೆದರೆ ಬಿಡುವ ಮಾಸ್ಕಿಂಗ್ ಟೇಪ್ ರೂಪಿಸಿದರು. ಗಡುಸಾದ ಪಿವಿಸಿ ಪ್ಲಾಸ್ಟಿಕ್‌ಗೆ ಮೆದುಕಾರಕ ಬೆರೆಸಿ ಬಾಗುವಂತೆ ಮಾಡುವ ವಿಧಾನವನ್ನು 1926ರಲ್ಲಿ ವಾಲ್ಡೊ ಸೆಮನ್ ಕಂಡುಕೊಂಡರು. ಲಾಸ್ ಏಂಜಲೀಸ್‌ನ ಸ್ಟಾಂಟನ್ ಏವರಿ 1935ರಲ್ಲಿ ಸ್ವಯಂ ಅಂಟುವ ಲೇಬಲ್‌ಗಳನ್ನು ತಯಾರಿಸತೊಡಗಿದರು. ಈ ಮೂರೂ ಒಂದುಗೂಡಿ 1950ರ ದಶಕದಲ್ಲಿ ಮನೆಬಳಕೆಯ ಅಲಂಕಾರ ಹಾಳೆ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ‘ಕಾನ್‌-ಟ್ಯಾಕ್ಟ್’ ಎಂಬ ವ್ಯಾಪಾರನಾಮವೇ ಮುಂದೆ ಇಡೀ ವರ್ಗದ ಹೆಸರಾಗಿ ಬಳಕೆಗೆ ಬಂದಿತು. ಬ್ರಿಟನ್‌ನಲ್ಲಿ ‘ಫ್ಯಾಬ್ಲಾನ್’ ಮನೆಮಾತಾಯಿತು. ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ನಲ್ಲಿ ಕರಕುಶಲ ವಸ್ತುಗಳಿಗೆ ಈ ಹಾಳೆ ಬಳಸುವಾಗ, ಜಾಹೀರಾತಾಗಬಾರದೆಂದು ಕಂಪನಿಯ ಹೆಸರು ಬಿಟ್ಟು ‘ಬೆನ್ನಿಗೆ ಅಂಟಿರುವ ಪ್ಲಾಸ್ಟಿಕ್’ ಎಂಬ ಅರ್ಥದ ಮಾತನ್ನು ಬಳಸುತ್ತಿದ್ದರು; ಅಲ್ಲಿನ ಒಂದು ತಲೆಮಾರಿಗೆ ಆ ಮಾತು ಇಂದಿಗೂ ನೆನಪಿದೆ.

ಹಾಳೆಯ ಒಳಗುಟ್ಟು

ಹಾಳೆಗೆ ಮೂರು ಪದರಗಳು. ಮೇಲಿನದು ಮರ, ಅಮೃತಶಿಲೆ, ಗ್ರಾನೈಟ್ ಮುಂತಾದವುಗಳ ಚಿತ್ರ ಮುದ್ರಿಸಿದ ತೆಳು ಪ್ಲಾಸ್ಟಿಕ್, ಬಹುಪಾಲು ಪಿವಿಸಿ. ನಡುವಿನದು ಅಂಟು. ಕೆಳಗಿನದು ಸಿಲಿಕೋನ್ ಲೇಪಿಸಿದ ಕಾಗದ. ಸಿಲಿಕೋನ್ ಮೇಲೆ ಅಂಟು ಬಲವಾಗಿ ಹಿಡಿಯುವುದಿಲ್ಲವಾದ್ದರಿಂದಲೇ ಆ ಕಾಗದ ಸುಲಭವಾಗಿ ಸುಲಿದು ಬರುತ್ತದೆ.

ಈ ಅಂಟು ಫೆವಿಕಾಲ್‌ನಂತೆ ಒಣಗಿ ಗಟ್ಟಿಯಾಗುವಂಥದ್ದಲ್ಲ. ಅದು ಸದಾ ಮೆತ್ತಗೆ ಇರುತ್ತದೆ. ಒತ್ತಿದಾಗ ಮೇಲ್ಮೈಯ ಸೂಕ್ಷ್ಮ ತಗ್ಗುಗಳಿಗೆ ನಿಧಾನವಾಗಿ ಹರಿದು ಹಿಡಿತ ಸಾಧಿಸುತ್ತದೆ. ಹೀಗಾಗಿ ಎರಡು ಸಂಗತಿಗಳು ಮುಖ್ಯವಾಗುತ್ತವೆ. ಒಂದು, ಅಂಟಿಸಿದ ಕೂಡಲೇ ಹಾಳೆಯನ್ನು ಎತ್ತಿ ಸರಿಪಡಿಸಬಹುದು. ದಿನ ಕಳೆದಂತೆ ಹಿಡಿತ ಬಲಗೊಳ್ಳುತ್ತದೆ. ಎರಡು, ನುಣುಪಾದ ಮೈಗೆ ಹಾಳೆ ಪೂರ್ತಿ ತಾಗುತ್ತದೆ. ಒರಟು ಗೋಡೆಯಲ್ಲಿ ಉಬ್ಬುಗಳ ತುದಿಗಳನ್ನಷ್ಟೇ ಹಿಡಿದು, ಕೆಲವೇ ವಾರಗಳಲ್ಲಿ ಅಂಚು ಬಿಡತೊಡಗುತ್ತದೆ.

ಹಾಳೆಯ ದಪ್ಪವನ್ನು ಮೈಕ್ರಾನ್‌ಗಳಲ್ಲಿ ನಮೂದಿಸಲಾಗುತ್ತದೆ. 100 ಮೈಕ್ರಾನ್ ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹಾಳೆ ತೆಳುವಾದಷ್ಟೂ ಮೂಲೆಗಳಲ್ಲಿ ಚೆನ್ನಾಗಿ ಮಡಚಿಕೊಳ್ಳುತ್ತದೆ. ಆದರೆ ಕೆಳಗಿನ ಪ್ರತಿ ಗೀರು, ಪ್ರತಿ ಮರಳಿನ ಕಣ ಮೇಲೆದ್ದು ಕಾಣುತ್ತದೆ.

ಎಲ್ಲಿ ಸರಿ, ಎಲ್ಲಿ ಸಲ್ಲದು

ಸನ್‌ಮೈಕಾ ಹೊದಿಸಿದ ಬಾಗಿಲು, ಗಾಜು, ಟೈಲ್ಸ್, ಕಬ್ಬಿಣದ ಬೀರು, ಫ್ರಿಜ್ಜಿನ ಬಾಗಿಲು, ಪಾಲಿಶ್ ಇರುವ ಮೇಜು, ಕಪಾಟಿನ ಒಳಗಿನ ಹಲಗೆ, ಇವೆಲ್ಲ ಈ ಹಾಳೆಗೆ ಹೇಳಿಮಾಡಿಸಿದ ಜಾಗಗಳು. ಎಮಲ್ಷನ್ ಬಳಿದ ನಯವಾದ ಗೋಡೆಯೂ ಆಗಬಹುದು. ಆದರೆ ಬಣ್ಣ ಗಟ್ಟಿಯಾಗಿ ಕೂತಿರಬೇಕು.

ಸುಣ್ಣ ಬಳಿದ ಗೋಡೆಗೆ ಅಂಟಿಸುವುದು ವ್ಯರ್ಥ. ಕೈಯಿಂದ ಸವರಿದರೆ ಬಿಳಿ ಪುಡಿ ಹತ್ತುವ ಗೋಡೆಯಲ್ಲಿ ಅಂಟು ಹಿಡಿಯುವುದು ಆ ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಅಗ್ಗದ ಡಿಸ್ಟೆಂಪರ್‌ನ ಪಾಡೂ ಬಹುತೇಕ ಇದೇ.

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮತ್ತೊಂದು ತೊಡಕಿದೆ. ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಮೇಲ್ಮೈಯಿಂದ ಆವಿಯಾಗಿ ಹೋಗಬೇಕು. ಪ್ಲಾಸ್ಟಿಕ್ ಹಾಳೆ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ನಿಂತು, ಹಾಳೆಯ ಹಿಂಬದಿಯಲ್ಲಿ ಬೂಷ್ಟು ಬೆಳೆಯುತ್ತದೆ. ಗಾರೆ ಮೆದುವಾಗಿ ಉದುರುತ್ತದೆ. ಹೊರಗೆ ಅಮೃತಶಿಲೆಯ ಅಂದ, ಒಳಗೆ ಕೊಳೆತ. ಉಬ್ಬಸ ಅಥವಾ ಅಲರ್ಜಿ ಇರುವವರ ಮನೆಯಲ್ಲಿ ಇದು ಕೇವಲ ಅಂದದ ಪ್ರಶ್ನೆಯಲ್ಲ. ತೇವದ ಮೂಲವನ್ನು ಸರಿಪಡಿಸದೆ ಅದರ ಮೇಲೆ ಹಾಳೆ ಹಚ್ಚುವುದು ರೋಗ ಬಿಟ್ಟು ಬಟ್ಟೆ ಬದಲಾಯಿಸಿದಂತೆ. ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ತುಂಡಿನ ನಾಲ್ಕೂ ಅಂಚುಗಳನ್ನು ಟೇಪ್‌ನಿಂದ ಗೋಡೆಗೆ ಮುಚ್ಚಿ ಎರಡು ದಿನ ಬಿಡಬೇಕು. ಗೋಡೆಯ ಕಡೆಗಿರುವ ಬದಿಯಲ್ಲಿ ನೀರಹನಿ ಕಂಡರೆ ಆ ಗೋಡೆಗೆ ಹಾಳೆ ಸಲ್ಲದು.

ಬೆಂಕಿಯ ಹತ್ತಿರ ಎಚ್ಚರ

ಅಡುಗೆಕೋಣೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಒಲೆಯ ಹಿಂದಿನ ಗೋಡೆಯಲ್ಲಿ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮೆದುವಾಗುತ್ತದೆ. ಮೆದುಕಾರಕ ಬೆರೆತ ತೆಳು ಹಾಳೆ ಅದಕ್ಕೂ ಮೊದಲೇ ಸೊರಗುತ್ತದೆ. ಕುದಿಯುವ ಸಾರಿನ ಪಾತ್ರೆಯ ಬಿಸಿಯೇ 100 ಡಿಗ್ರಿಯಷ್ಟಿರುತ್ತದೆ. ಗ್ಯಾಸ್ ಜ್ವಾಲೆಯ ಮಾತು ಬೇರೆ. ಪಿವಿಸಿ ಸುಟ್ಟಾಗ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಕಣ್ಣು ಮತ್ತು ಶ್ವಾಸನಾಳವನ್ನು ಕೆರಳಿಸುವ ಅನಿಲ.

ಆದ್ದರಿಂದ ಒಲೆಯ ನೇರ ಹಿಂದೆ, ಬರ್ನರ್ ಪಕ್ಕದಲ್ಲಿ, ಓವನ್ ಮತ್ತು ಚಿಮಣಿಯ ಮೈಮೇಲೆ ಪಿವಿಸಿ ಹಾಳೆ ಬೇಡ. ಅಲ್ಯೂಮಿನಿಯಂ ಫಾಯಿಲ್ ಮೇಲ್ಮೈಯ ಹಾಳೆಗಳು ‘ಎಣ್ಣೆ ನಿರೋಧಕ’ ಎಂದು ಮಾರಾಟವಾಗುತ್ತವೆ. ಅವು ಎಣ್ಣೆಯ ಸಿಡಿತಕ್ಕೆ ತಡೆ ನಿಜ. ಆದರೆ ಫಾಯಿಲ್ ಹಿಂದಿನ ಅಂಟು ಜ್ವಾಲೆಯನ್ನು ತಾಳುವಂಥದ್ದಲ್ಲ. ಒಲೆಯ ಹಿಂದೆ ಟೈಲ್ಸ್ ಅಥವಾ ಸ್ಟೀಲ್ ತಗಡೇ ಕ್ಷೇಮ.

ಅಡುಗೆಕಟ್ಟೆಯ ಮೇಲೂ ಇದು ಬಾಳುವುದಿಲ್ಲ. ಬಿಸಿ ಪಾತ್ರೆ ಇಳಿಸಿದರೆ ಸುಕ್ಕು, ಈಳಿಗೆಯ ಕಾಲು ಉಜ್ಜಿದರೆ ಗೀರು. ಹಾಳೆಯ ಮೇಲೆ ನೇರವಾಗಿ ಚಪಾತಿ ಲಟ್ಟಿಸುವುದಾಗಲಿ ತರಕಾರಿ ಹೆಚ್ಚುವುದಾಗಲಿ ಕೂಡದು. ಪಿವಿಸಿಯನ್ನು ಮೆದುಗೊಳಿಸಲು ಬಳಸುವ ಥ್ಯಾಲೇಟ್ ವರ್ಗದ ನಾಲ್ಕು ರಾಸಾಯನಿಕಗಳ ಪ್ರಮಾಣಕ್ಕೆ ಐರೋಪ್ಯ ಒಕ್ಕೂಟ 2020ರ ಜುಲೈನಿಂದ ಗ್ರಾಹಕ ವಸ್ತುಗಳಲ್ಲಿ ಶೇ 0.1ರ ಮಿತಿ ವಿಧಿಸಿದೆ. ಡಬ್ಬಿಯೊಳಗಿನ ದಿನಸಿಗೆ ತೊಂದರೆಯಿಲ್ಲ. ತೆರೆದ ಆಹಾರ ಹಾಳೆಗೆ ತಾಗದಿರಲಿ.

ಅಳತೆಯ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಪ್ರತಿ ಬಾಗಿಲನ್ನೂ ಬೇರೆಬೇರೆಯಾಗಿ ಅಳೆಯಬೇಕು. ಉದಾಹರಣೆಗೆ ಆರು ಬಾಗಿಲುಗಳು, ಪ್ರತಿಯೊಂದೂ 45 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳೋಣ. ಅಂಚು ಮಡಚಲು ಪ್ರತಿ ಬದಿಗೆ ಎರಡೂವರೆ ಸೆಂ.ಮೀ. ಸೇರಿಸಿದರೆ ಒಂದು ತುಂಡು 50–75 ಸೆಂ.ಮೀ. ಆಗುತ್ತದೆ. 45 ಸೆಂ.ಮೀ. ಅಗಲದ ಸುರುಳಿ ಇಲ್ಲಿ ಸಾಲದು. 60 ಸೆಂ.ಮೀ. ಅಗಲದ್ದೇ ಬೇಕು.

ಎರಡು ಮೀಟರ್ ಉದ್ದದ ಸುರುಳಿಯಲ್ಲಿ ಇಂತಹ ಎರಡೇ ತುಂಡು ಸಿಗುತ್ತವೆ. ಉಳಿದ 50 ಸೆಂ.ಮೀ. ಬಾಗಿಲಿಗೆ ಒದಗುವುದಿಲ್ಲ. ಹೀಗಾಗಿ ಮೂರು ಸುರುಳಿ, ಒಟ್ಟು ಆರು ಮೀಟರ್ ಕೊಳ್ಳಬೇಕಾಗುತ್ತದೆ. ಅದೇ ಐದು ಮೀಟರಿನ ಒಂದೇ ಸುರುಳಿಯಲ್ಲಿ ಆರೂ ತುಂಡು ಬಂದು 50 ಸೆಂ.ಮೀ. ಉಳಿಯುತ್ತದೆ. ಮರದ ಎಳೆ ಅಥವಾ ಶಿಲೆಯ ಗೆರೆ ಒಂದು ಬಾಗಿಲಿನಿಂದ ಮತ್ತೊಂದಕ್ಕೆ ಹೊಂದಬೇಕಾದರೆ ಹೆಚ್ಚು ಹಾಳೆ ಬೇಕು. ಬೇರೆ ಬೇರೆ ಸಲ ಕೊಂಡ ಸುರುಳಿಗಳ ಬಣ್ಣದಲ್ಲಿ ತುಸು ವ್ಯತ್ಯಾಸ ಬರುವುದುಂಟು. ಎಲ್ಲವನ್ನೂ ಒಟ್ಟಿಗೇ ಕೊಳ್ಳುವುದು ಒಳಿತು.

ಅಂಟಿಸುವ ಕ್ರಮ

ಫಲಿತಾಂಶ ನಿರ್ಧಾರವಾಗುವುದು ಹಾಳೆ ಬಿಚ್ಚುವ ಮೊದಲೇ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಿಂದ ಜಿಡ್ಡು ಪೂರ್ತಿ ತೆಗೆದು, ಶುದ್ಧ ನೀರಿನಿಂದ ಒರೆಸಿ, ಚೆನ್ನಾಗಿ ಒಣಗಿಸಬೇಕು. ಹಿಡಿಕೆಗಳನ್ನು ಬಿಚ್ಚಿಡಬೇಕು. ತೂತು, ಗೀರುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ 2016ರ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದೆ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಇದ್ದಿರಬಹುದು. ಅಂತಹ ಬಾಗಿಲನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳಿಗೆ ಹಾನಿಕರ. ಒದ್ದೆ ಮಾಡಿ ಮೆಲ್ಲಗೆ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸುವುದು ಕ್ಷೇಮ.

ನಂತರ ಹಾಳೆಯ ಹಿಂಬದಿಯ ಗೆರೆಗಳನ್ನು ನೋಡಿ ಅಳತೆಗೆ ಕತ್ತರಿಸಿ, ಮೇಲ್ತುದಿಯ ಐದಾರು ಸೆಂ.ಮೀ. ಕಾಗದವನ್ನಷ್ಟೇ ಸುಲಿಯಬೇಕು. ಇಡೀ ಕಾಗದ ಒಮ್ಮೆಲೇ ಸುಲಿದರೆ ಹಾಳೆ ತನಗೆ ತಾನೇ ಅಂಟಿಕೊಂಡು ಕೆಡುತ್ತದೆ. ಮೇಲಂಚನ್ನು ನೇರವಾಗಿ ಕೂರಿಸಿ, ಒಬ್ಬರು ಕಾಗದ ನಿಧಾನವಾಗಿ ಕೆಳಕ್ಕೆ ಎಳೆಯುತ್ತಿರುವಾಗ ಇನ್ನೊಬ್ಬರು ಮೆದುಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬರಬೇಕು. ಉಳಿದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಗಾಳಿ ಹೊರದೂಡಬೇಕು. ಮೂಲೆಯಲ್ಲಿ ಹೇರ್ ಡ್ರೈಯರ್‌ನಿಂದ ತುಸು ಬಿಸಿ ಮಾಡಿದರೆ ಹಾಳೆ ಮಣಿಯುತ್ತದೆ. ಸಿಂಕ್ ಪಕ್ಕದ ಅಂಚುಗಳಿಗೆ ಸಿಲಿಕೋನ್ ಸೀಲೆಂಟ್ ಎಳೆದರೆ ನೀರು ಒಳಗಿಳಿಯುವುದಿಲ್ಲ. ಸ್ವಿಚ್ ಬೋರ್ಡ್ ಮತ್ತು ಫ್ರಿಜ್ಜಿನ ಗಾಳಿಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ತೆಗೆಯುವಾಗಲೇ ಪರೀಕ್ಷೆ

ಬಾಡಿಗೆದಾರರಿಗೆ ಅಂಟಿಸುವುದಕ್ಕಿಂತ ತೆಗೆಯುವುದೇ ದೊಡ್ಡ ವಿಚಾರ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಪಡೆಯುವ ರೂಢಿ ಬೆಂಗಳೂರಿನಲ್ಲಿ ಬಹುಕಾಲ ನಡೆದುಬಂದಿದೆ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಅದರಲ್ಲಿ ಒಂದು ಪಾಲು ಮುರಿದುಕೊಳ್ಳುವುದೂ ಸಾಮಾನ್ಯ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ ವಸತಿ ಮನೆಗಳ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿ ಸೂಚಿಸಿದೆ. ಆದರೆ ಅದು ಮಾದರಿಯಷ್ಟೇ, ರಾಜ್ಯಗಳು ತಮ್ಮ ಶಾಸನದಲ್ಲಿ ಅಳವಡಿಸಿಕೊಂಡರೆ ಮಾತ್ರ ಅನ್ವಯ. ಹೀಗಿರುವಾಗ ಕಿತ್ತು ಬಂದ ಬಣ್ಣದ ಒಂದು ಚಕ್ಕೆಯೂ ವಾದಕ್ಕೆ ಕಾರಣವಾಗಬಹುದು.

ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ, ಕನಿಷ್ಠ ಮೊಬೈಲ್ ಸಂದೇಶದಲ್ಲಾದರೂ ಪಡೆದಿರಬೇಕು. ಕೆಲಸಕ್ಕೆ ಮೊದಲು ಬಾಗಿಲು, ಗೋಡೆಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲದ ತುಂಡು ಅಂಟಿಸಿ, ಒಂದು ವಾರ ಬಿಟ್ಟು ಕಿತ್ತು ನೋಡಬೇಕು. ಬಣ್ಣ ಜೊತೆಗೆ ಬಂದರೆ ಆಸೆಯನ್ನು ಅಲ್ಲಿಗೇ ಬಿಡುವುದು ಜಾಣತನ.

ಹಾಳೆ ತೆಗೆಯುವಾಗ ಅವಸರ ಸಲ್ಲದು. ಹೇರ್ ಡ್ರೈಯರ್‌ನಿಂದ ಒಂದು ಮೂಲೆ ಬಿಸಿ ಮಾಡಿ, ಹಾಳೆಯನ್ನು ಗೋಡೆಯಿಂದ ಹೊರಕ್ಕೆ ಜಗ್ಗದೆ, ತನ್ನ ಮೇಲೆಯೇ ಹಿಂದಕ್ಕೆ ಮಡಚಿದಂತೆ ಮೆಲ್ಲಗೆ ಎಳೆಯಬೇಕು. ಸನ್‌ಮೈಕಾ, ಗಾಜು, ಲೋಹದ ಮೇಲೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಸೋಪಿನ ನೀರಿನಿಂದ ಒರೆಸಿದರೆ ಸಾಕು. ಬಣ್ಣದ ಗೋಡೆಗೆ ಎಣ್ಣೆ ಬೇಡ, ಕಲೆ ನಿಲ್ಲುತ್ತದೆ. ಸ್ಪಿರಿಟ್ ಅಥವಾ ಸೀಮೆಎಣ್ಣೆ ಬಳಸುವುದಾದರೆ ಒಲೆ ಆರಿಸಿ, ಕಿಟಕಿ ತೆರೆದಿರಬೇಕು. ಅದು ಹಸಿಯಿರುವಾಗ ಡ್ರೈಯರ್ ಹಿಡಿಯಲೇಬಾರದು.

ಕಿತ್ತ ಹಾಳೆ ಒಣ ಕಸಕ್ಕೆ ಸೇರಬೇಕು. ಅಂಟು ಮೆತ್ತಿದ ಪಿವಿಸಿಯಾಗಲಿ ಸಿಲಿಕೋನ್ ಲೇಪಿತ ಕಾಗದವಾಗಲಿ ಹಳೆಯ ಪತ್ರಿಕೆಯಂತೆ ಗುಜರಿಯವರ ತಕ್ಕಡಿಗೆ ಏರುವ ವಸ್ತುಗಳಲ್ಲ. ಅದನ್ನು ಬೀದಿಯಲ್ಲಿ ಸುಡುವುದಂತೂ ವಿಷವನ್ನು ನೆರೆಹೊರೆಗೆ ಹಂಚಿದಂತೆ. ಒಂದು ಹಬ್ಬಕ್ಕೆಂದು ಹಚ್ಚಿ ಮತ್ತೊಂದಕ್ಕೆ ಕಿತ್ತೆಸೆಯುವ ಅಲಂಕಾರವಾಗಿ ಬಳಸದೆ, ಗಟ್ಟಿಮುಟ್ಟಾದ ಹಳೆಯ ಕಪಾಟು ಇನ್ನಷ್ಟು ವರ್ಷ ಬಾಳಲೆಂದು ಬಳಸಿದಾಗ ಈ ಹಾಳೆಗೆ ಕೊಟ್ಟ ಹಣ ಸಾರ್ಥಕ. ಗಟ್ಟಿಯಿರುವ ಮೈಗೆ ಅದು ಅಂದ ಕೊಡಬಲ್ಲದು. ಗೆದ್ದಲು ತಿಂದ ಹಲಗೆಗೂ ತೇವ ಹಿಡಿದ ಗೋಡೆಗೂ ಬೇಕಿರುವುದು ಮೊದಲು ದುರಸ್ತಿ.