ಹೆರಿಗೆ ರಜೆಯಲ್ಲಿ ರಾಜೀನಾಮೆ ಕೊಟ್ಟರೆ ಸಂಬಳ ವಾಪಸ್ ಕಟ್ಟಬೇಕಾ? ಯಾವಾಗ ಕೊಟ್ಟರೆ ನಷ್ಟವಿಲ್ಲ?

‘ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ವಾಪಸ್ ಹೋಗದಿದ್ದರೆ, ಕಂಪನಿ ಕೊಟ್ಟ 6 ತಿಂಗಳ ಸಂಬಳವನ್ನು ಪೂರ್ತಿ ಹಿಂದಿರುಗಿಸಬೇಕು.’ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಇಂಥ ಮಾತಿಗೆ ಹೆದರಿ, ಗರ್ಭಿಣಿಯಾಗಿದ್ದಾಗಲೇ ಕೆಲಸ ಬಿಡುವವರೂ ಇದ್ದಾರೆ. ಆದರೆ ಈ ಮಾತು ನಿಜವಲ್ಲ. ಅವಸರದ ರಾಜೀನಾಮೆಯಿಂದ ನಷ್ಟ ಆಗುವುದು ತಾಯಿಗೇ.

ಕಾನೂನು ಏನು ಹೇಳುತ್ತದೆ?

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ವೇತನ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಲಾಯಿತು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ 12 ವಾರವೇ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ನಿಯಮಗಳು ಮುಂದುವರಿದಿವೆ.

ಇದಕ್ಕೆ ಅರ್ಹತೆ ಒಂದೇ: ಹೆರಿಗೆಯ ನಿರೀಕ್ಷಿತ ದಿನಕ್ಕಿಂತ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಸಂಸ್ಥೆಯಲ್ಲಿ ಕೆಲಸ ಮಾಡಿರಬೇಕು. ‘ರಜೆ ಮುಗಿದ ಮೇಲೆ ಇಷ್ಟು ತಿಂಗಳು ದುಡಿಯಲೇಬೇಕು’ ಎಂಬ ಷರತ್ತು ಕಾನೂನಿನಲ್ಲಿ ಇಲ್ಲ. ಅಂದರೆ, ಈ ಹಣ ಸಾಲವೂ ಅಲ್ಲ, ಮುಂಗಡವೂ ಅಲ್ಲ. ಅದು ನಿಮ್ಮ ಹಕ್ಕು. ಇಎಸ್‌ಐ ವ್ಯಾಪ್ತಿಯಲ್ಲಿರುವ ಕಾರ್ಮಿಕರಿಗೆ ಈ ಹಣ ಕೊಡುವುದು ಇಎಸ್‌ಐ ನಿಗಮ, ಕಂಪನಿಯಲ್ಲ.

ಹಾಗಾದರೆ ಗೊಂದಲ ಬಂದಿದ್ದು ಎಲ್ಲಿಂದ?

ನೋಟಿಸ್ ಅವಧಿಯಿಂದ. ನೇಮಕಾತಿ ಪತ್ರದಲ್ಲಿ 1, 2 ಅಥವಾ 3 ತಿಂಗಳ ನೋಟಿಸ್ ಎಂದಿರುತ್ತದೆ. ರಜೆಯ ದಿನಗಳನ್ನು ನೋಟಿಸ್ ಅವಧಿಯಲ್ಲಿ ಸೇರಿಸಲು ಕೆಲವು ಸಂಸ್ಥೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪದಿದ್ದರೆ ರಜೆ ಮುಗಿದ ಮೇಲೆ ಅಷ್ಟು ದಿನ ಕೆಲಸ ಮಾಡಬೇಕು, ಇಲ್ಲವೇ ನೋಟಿಸ್ ಅವಧಿಯ ಸಂಬಳ ಕಟ್ಟಬೇಕಾಗಬಹುದು. ಹೆರಿಗೆ ರಜೆಯ ಹಣವೇ ಬೇರೆ, ಈ ಹಣವೇ ಬೇರೆ.

ರಾಜೀನಾಮೆಯ ತಾರೀಖು ಏಕೆ ಮುಖ್ಯ?

ರಜೆ ಶುರುವಾಗುವ ಮುಂಚೆಯೇ ಕೆಲಸ ಬಿಟ್ಟರೆ 26 ವಾರಗಳ ಸಂಬಳ ಕೈತಪ್ಪುವ ಅಪಾಯವಿದೆ. ರಜೆಯ ನಡುವೆ ಬಿಟ್ಟರೆ, ಸಾಮಾನ್ಯವಾಗಿ ಕಂಪನಿಗಳು ಕೊನೆಯ ಕೆಲಸದ ದಿನಕ್ಕೇ ಸಂಬಳ ನಿಲ್ಲಿಸುತ್ತವೆ. ಕಂಪನಿಯ ಗುಂಪು ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಂದೇ ನಿಲ್ಲುತ್ತದೆ. ಎಳೆಗೂಸು ಮನೆಯಲ್ಲಿರುವಾಗ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಲೆಕ್ಕ ಗ್ರಾಚ್ಯುಟಿಯದು. ಇದಕ್ಕೆ ಕಾಯಂ ನೌಕರರಿಗೆ 5 ವರ್ಷಗಳ ನಿರಂತರ ಸೇವೆ ಬೇಕು. 26 ವಾರದವರೆಗಿನ ಹೆರಿಗೆ ರಜೆಯೂ ಸೇವೆಯೆಂದೇ ಎಣಿಕೆಯಾಗುತ್ತದೆ. ರಜೆಗೆ ಹೋಗುವಾಗ 4 ವರ್ಷ 8 ತಿಂಗಳಾಗಿದ್ದರೆ, ರಜೆ ಮುಗಿಯುವಷ್ಟರಲ್ಲಿ 5 ವರ್ಷ ದಾಟಿರುತ್ತದೆ. ಮೂರನೇ ತಿಂಗಳಲ್ಲೇ ಕೆಲಸ ಬಿಟ್ಟರೆ ಆ ಹಣ ಕೈತಪ್ಪಬಹುದು.

ರಜೆಯಲ್ಲೇ ಬೇರೆ ಕಡೆ ಸೇರಬಹುದೇ?

ಬೇಡ. ಹೆರಿಗೆ ರಜೆಯಲ್ಲಿದ್ದಾಗ ಬೇರೆ ಸಂಸ್ಥೆಯಲ್ಲಿ ದುಡಿದರೆ, ಆ ಅವಧಿಯ ಸೌಲಭ್ಯದ ಹಕ್ಕು ಹೋಗುತ್ತದೆ ಎಂದು ಕಾನೂನು ಸ್ಪಷ್ಟವಾಗಿ ಹೇಳಿದೆ. ಹೊಸ ಕೆಲಸ ಸಿಕ್ಕಿದ್ದರೂ ಸೇರುವ ದಿನವನ್ನು ರಜೆಯ ನಂತರಕ್ಕೆ ಇಟ್ಟುಕೊಳ್ಳಿ.

‘ನೀವೇ ರಾಜೀನಾಮೆ ಕೊಡಿ’ ಎಂದು ಒತ್ತಾಯಿಸಿದರೆ?

ಹೆರಿಗೆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಜೆಯ ಅವಧಿಯಲ್ಲಿ ಮುಗಿಯುವಂತೆ ವಜಾ ನೋಟಿಸ್ ಕೊಡುವಂತೆಯೂ ಇಲ್ಲ. ಆದರೆ ನೀವೇ ರಾಜೀನಾಮೆ ಬರೆದುಕೊಟ್ಟರೆ ಈ ರಕ್ಷಣೆ ದುರ್ಬಲವಾಗುತ್ತದೆ. ಆದ್ದರಿಂದ ಫೋನಿನಲ್ಲಿ ‘ಆಯ್ತು’ ಎನ್ನಬೇಡಿ. ಹೇಳುವುದನ್ನು ಇಮೇಲ್‌ನಲ್ಲಿ ಕಳುಹಿಸಲು ಕೇಳಿ, ಸಂದೇಶಗಳನ್ನು ಉಳಿಸಿಕೊಳ್ಳಿ, ಕಾರ್ಮಿಕ ಇಲಾಖೆಗೆ ದೂರು ಕೊಡಿ.

ನಿರ್ಧಾರಕ್ಕೆ ಮುನ್ನ ಏನು ಮಾಡಬೇಕು?

• ನೇಮಕಾತಿ ಪತ್ರ ಮತ್ತು ರಜೆ ನಿಯಮಗಳಲ್ಲಿ ನೋಟಿಸ್ ಬಗ್ಗೆ ಏನಿದೆ ಎಂದು ಓದಿ.

• ಬಾಣಂತನದ ಮೊದಲ ವಾರಗಳಲ್ಲಿ ನಿದ್ದೆ ಇರುವುದಿಲ್ಲ, ಮನಸ್ಸು ಏರುಪೇರಾಗುತ್ತದೆ. ಆಗ ರಾಜೀನಾಮೆ ಬರೆಯಬೇಡಿ. ಬೇಸರ, ಅಳು 2 ವಾರ ಮೀರಿದರೆ ಮೊದಲು ವೈದ್ಯರನ್ನು ಕಾಣಿ.

• ಕೆಲಸ ಬಿಡುವುದೊಂದೇ ದಾರಿಯೇ ಎಂದು ನೋಡಿ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕಡ್ಡಾಯ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ 2 ಹಾಲೂಡಿಸುವ ವಿರಾಮಗಳಿವೆ. ಕೆಲಸದ ಸ್ವರೂಪ ನೋಡಿ ಮನೆಯಿಂದಲೇ ಕೆಲಸ ಮಾಡಲು ಮಾತುಕತೆಗೂ ಅವಕಾಶವಿದೆ.

• ಬಿಡುವುದೇ ಖಚಿತವಾದರೆ, ಕೊನೆಯ ಕೆಲಸದ ದಿನ ರಜೆ ಮುಗಿಯುವ ದಿನಕ್ಕಿಂತ ಮುಂಚೆ ಬಾರದಂತೆ ನೋಟಿಸ್ ಕೊಡಿ. ಆ ದಿನ ಯಾವುದೆಂದು ಎಚ್‌ಆರ್‌ನಿಂದ ಲಿಖಿತವಾಗಿ ಪಡೆಯಿರಿ.

ಒಟ್ಟಿನಲ್ಲಿ, ಕೆಲಸ ಬಿಟ್ಟರೆ ಹೆರಿಗೆ ರಜೆಯ ಸಂಬಳ ಹಿಂದಿರುಗಿಸಬೇಕು ಎಂಬ ಮಾತು ಸುಳ್ಳು. ಅದನ್ನು ಫಾರ್ವರ್ಡ್ ಮಾಡುವ ಬದಲು, ಮನೆಯಲ್ಲಿ ಗರ್ಭಿಣಿಯರೋ ಬಾಣಂತಿಯರೋ ಇದ್ದರೆ ಅವರ ನೇಮಕಾತಿ ಪತ್ರವನ್ನು ಒಮ್ಮೆ ಜೊತೆಗೆ ಕೂತು ಓದಿ.