ಮುಪ್ಪಿಗೆ ಯಾವ ಊರಿನ ವಿಳಾಸ?

ಮುಂಬಯಿ ಕನ್ನಡಿಗರ ಚರಿತ್ರೆ ಎಂದರೆ ಸಂಘ ಕಟ್ಟಿದವರ, ಹೋಟೆಲು ತೆರೆದವರ, ರಾತ್ರಿ ಶಾಲೆ ನಡೆಸಿದವರ ಕಥೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು, ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಇವೆಲ್ಲ ದುಡಿಯುವ ವಯಸ್ಸಿನವರು ಕಟ್ಟಿದ್ದು. ದುಡಿದು ಮುಗಿದ ಮೇಲೆ ಅವರು ಏನಾದರು ಎಂಬ ಅಧ್ಯಾಯ ಮಾತ್ರ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ಅಪರೂಪ.

ಹಿಂದೆ ಆ ಪ್ರಶ್ನೆಗೆ ಉತ್ತರ ಸುಲಭವಿತ್ತು. ಗಂಡಸು ಒಬ್ಬನೇ ಮುಂಬಯಿಗೆ ಬರುತ್ತಿದ್ದ, ಹೋಟೆಲಿನಲ್ಲೇ ಊಟ, ಅಲ್ಲೇ ನಿದ್ದೆ. ತಿಂಗಳಿಗೊಂದು ಮನಿಯಾರ್ಡರು. ಕೈಕಾಲು ಸೋತಾಗ ಟ್ರಂಕು ಹೊತ್ತು ಊರಿಗೆ ಹೋದರೆ ಮನೆ, ಗದ್ದೆ, ಅಣ್ಣತಮ್ಮಂದಿರು ಇದ್ದರು. ಜೊತೆಗೆ ಆಯುಷ್ಯವೂ ಗಿಡ್ಡ. 1951ರಲ್ಲಿ ಇಡೀ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 2 ಕೋಟಿ ಮಾತ್ರ. 2011ರ ಜನಗಣತಿಯಲ್ಲಿ ಅದು 10 ಕೋಟಿ ಮೀರಿತು, ಅಂದರೆ ಜನಸಂಖ್ಯೆಯ ಶೇಕಡಾ 8.6. ಕರ್ನಾಟಕದಲ್ಲಿ ಇನ್ನೂ ಸ್ವಲ್ಪ ಜಾಸ್ತಿ, ಶೇಕಡಾ 9.5.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಡೊಂಬಿವಲಿಯಂಥ ಊರುಗಳು. ಮುಂಬಯಿಯ ಒಳಗೆ ಪಾಗಡಿ ಕೊಟ್ಟು ಮನೆ ಹಿಡಿಯಲಾಗದವರು ಲೋಕಲ್ ಟ್ರೇನಿನ ದಾರಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣಕ್ಕೆ ಬಂದರು. ಇಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಸಾಧ್ಯವಾಯಿತು. ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಬಂತು. 1983ರಲ್ಲಿ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯೂ ಆಯಿತು. ಮಕ್ಕಳು ಮರಾಠಿ ಕಲಿತರು, ಇಲ್ಲೇ ಕೆಲಸ ಹಿಡಿದರು. ಊರಿನ ಪಾಲಿನ ಗದ್ದೆ ಮಾರಿ ಇಲ್ಲಿ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಒಂದು ರೂಮು–ಕಿಚನ್ ಕೊಂಡರು. ಮೂವತ್ತನೇ ವಯಸ್ಸಿನಲ್ಲಿ ಮೂರು ಮಾಳಿಗೆ ಯಾವ ಲೆಕ್ಕ ಹೇಳಿ! ಎಪ್ಪತ್ತರಲ್ಲಿ ಅದೇ ಮೆಟ್ಟಿಲು ಮನುಷ್ಯನನ್ನು ಮನೆಯೊಳಗೆ ಕೂಡಿಹಾಕುತ್ತದೆ.

ಮುಪ್ಪಿನ ಚರಿತ್ರೆ ಬರೆಯುವವರು 1982ನೇ ಇಸವಿಯ ಮೇಲೆ ಬೆರಳಿಡಬೇಕು. ಆ ವರ್ಷ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಅದೇ ವರ್ಷ ವಿಯೆನ್ನಾದಲ್ಲಿ ವಿಶ್ವಸಂಸ್ಥೆ ವೃದ್ಧಾಪ್ಯದ ಬಗ್ಗೆ ಮೊದಲ ಜಾಗತಿಕ ಸಮ್ಮೇಳನ ನಡೆಸಿತು. ಡಿಸೆಂಬರ್ 17ರಂದು ನಮ್ಮ ಸುಪ್ರೀಂ ಕೋರ್ಟು ಡಿ. ಎಸ್. ನಕಾರಾ ಪ್ರಕರಣದಲ್ಲಿ, ಪಿಂಚಣಿ ಎಂದರೆ ಧಣಿಯ ದಯೆಯಲ್ಲ, ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂದು ತೀರ್ಪು ಕೊಟ್ಟಿತು. ಪಿಂಚಣಿದಾರರು ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ಹಕ್ಕೇನೋ ಬಂತು, ಆದರೆ ಅದು ಪಿಂಚಣಿ ಇದ್ದವರಿಗೆ. ಗಿರಣಿಯಿಂದ ಬರಿಗೈಯಲ್ಲಿ ಹೊರಟವನಿಗೆ ಆ ತೀರ್ಪಿನಿಂದ ಏನೂ ದಕ್ಕಲಿಲ್ಲ.

ನಾವು ಬ್ಯಾಂಕಿನವರು ಅದೃಷ್ಟವಂತರು. 1993ರ ಒಪ್ಪಂದ, 1995ರ ನಿಯಮಾವಳಿಯಿಂದ ನಮಗೆ ಪಿಂಚಣಿ ಬಂತು. ಖಾಸಗಿ ನೌಕರರಿಗೂ 1995ರ ನವೆಂಬರ್ 16ರಿಂದ ಭವಿಷ್ಯನಿಧಿಯ ಪಿಂಚಣಿ ಯೋಜನೆ ಜಾರಿಯಾಯಿತು. 2014ರಲ್ಲಿ ಅದರ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ ಎಂದು ನಿಗದಿಯಾಯಿತು. ಆದರೆ ಸಾಮಾನ್ಯವಾಗಿ ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಭವಿಷ್ಯನಿಧಿ ಕಾನೂನೇ ಅನ್ವಯಿಸುವುದಿಲ್ಲ. ನಮ್ಮವರು ದುಡಿದ ಹೋಟೆಲುಗಳಲ್ಲಿ ಸಣ್ಣವೇ ಹೆಚ್ಚು. ಒಂದೇ ಊರಿನಿಂದ ಒಂದೇ ಬಸ್ಸು ಹತ್ತಿ ಬಂದ ಇಬ್ಬರಲ್ಲಿ ಒಬ್ಬ ರಾತ್ರಿ ಶಾಲೆ ಕಲಿತು ಗುಮಾಸ್ತನಾದ, ಇನ್ನೊಬ್ಬ ಮಾಣಿಯಾಗಿಯೇ ಉಳಿದ. ಮೊದಲನೆಯವನಿಗೆ ಈಗ ನವೆಂಬರ್ ಬಂದರೆ ಜೀವನ ಪ್ರಮಾಣಪತ್ರ ಕೊಡುವ ಕೆಲಸವಾದರೂ ಇದೆ. ಎರಡನೆಯವನು ಬದುಕಿದ್ದಾನೋ ಇಲ್ಲವೋ ಎಂದು ಕೇಳುವ ಕಚೇರಿಯೇ ಇಲ್ಲ.

ಅಂಥವರಿಗೆ ನಮ್ಮ ಕಡೆಯ ಬ್ಯಾಂಕುಗಳೇ ಒಂದು ದಾರಿ ತೋರಿಸಿದ್ದವು. ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಸಂಗ್ರಹಿಸಿತು. ಆದರೆ ಪಿಗ್ಮಿ ದುಡ್ಡು ತಂಗಿಯ ಮದುವೆಗೆ, ಮನೆಯ ಹಂಚಿಗೆ ಖರ್ಚಾಗುತ್ತಿತ್ತು. ಮುಪ್ಪಿನವರೆಗೆ ಅದು ಉಳಿಯುತ್ತಿದ್ದುದು ಕಡಿಮೆ.

ಸರಕಾರಗಳು ಏನೂ ಮಾಡಿಲ್ಲ ಎನ್ನಲಾಗದು. ವೃದ್ಧರಿಗಾಗಿ 1999ರಲ್ಲಿ ರಾಷ್ಟ್ರೀಯ ನೀತಿ ಬಂತು. ತಂದೆತಾಯಿಯ ಪೋಷಣೆಯ ಕಾನೂನು 2007ರಲ್ಲಿ. ಅದೇ ವರ್ಷ ಕರ್ನಾಟಕದ ಸಂಧ್ಯಾ ಸುರಕ್ಷಾ. ಮಹಾರಾಷ್ಟ್ರದಲ್ಲಿ ಶ್ರಾವಣ ಬಾಳ ಯೋಜನೆ ಇದೆ. ತೊಡಕು ಎಲ್ಲಿ ಅಂದರೆ, ಆ ರಾಜ್ಯದ ಯೋಜನೆ ಆ ರಾಜ್ಯದ ನಿವಾಸಿಗೆ. ನಮ್ಮ ಮುದುಕ ಊರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ್ದಾನೆ. ಇಲ್ಲಿ ಹಲವು ವರ್ಷ ವಾಸವಿದ್ದ ದಾಖಲೆ ಕೇಳಿದರೆ, ಹೋಟೆಲಿನ ಅಟ್ಟದಲ್ಲಿ ಮಲಗಿದವನು ಯಾವ ಕಾಗದ ತೋರಿಸಿಯಾನು? ಊರಿಗೆ ಹೋಗಿ ಬರೋಣವೆಂದರೆ ರೈಲಿನ ಹಿರಿಯರ ರಿಯಾಯಿತಿಯೂ 2020ರ ಮಾರ್ಚಿನಲ್ಲಿ ನಿಂತುಹೋಯಿತು.

ದಾರಿ ಇಲ್ಲವೆಂದಲ್ಲ. ರೇಷನ್ ಈಗ ಯಾವ ರಾಜ್ಯದಲ್ಲಿ ಬೇಕಾದರೂ ಸಿಗುತ್ತದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತದ ಆಸ್ಪತ್ರೆ ಖರ್ಚಿನ ನೆರವು ಉಂಟು. ಅಕ್ಕಿ, ಔಷಧ ಗಡಿ ದಾಟಬಹುದಾದರೆ ವೃದ್ಧಾಪ್ಯ ವೇತನ ಯಾಕೆ ದಾಟಬಾರದು? ಎರಡು ರಾಜ್ಯಗಳು ಕೂತು ಮಾತಾಡಿದರೆ ಇದು ಬರೀ ಲೆಕ್ಕ ಹೊಂದಿಸುವ ಕೆಲಸ. ಬ್ಯಾಂಕುಗಳು ಶಾಖೆ–ಶಾಖೆಗಳ ನಡುವೆ ದಿನವೂ ಅದನ್ನೇ ಮಾಡುತ್ತವೆ.

ಊರಲ್ಲಿರುವ ಓದುಗರೇ, ಇದು ನಿಮ್ಮ ಮನೆಯ ಮಾತೂ ಹೌದು. ನಾವು ಇಲ್ಲಿ ಮುದುಕರಾದ ಹಾಗೆ, ನಮ್ಮನ್ನು ಕಳಿಸಿಕೊಟ್ಟ ಹಳ್ಳಿಗಳಲ್ಲಿ ಅಮ್ಮಂದಿರು ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಉಳಿದಿದ್ದಾರೆ. ಡೊಂಬಿವಲಿಯಲ್ಲಿ ಹಿರಿಯರ ಕಟ್ಟೆಗಳಿವೆ. ಸಂಜೆ ನಾಲ್ಕು ಜನ ಸೇರುತ್ತಾರೆ. ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೇ ದಿನ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಪಂಚಾಯತಿಗೊಂದು ಅಂಥ ಕಟ್ಟೆಯಾಗಲಿ. ಅದಕ್ಕೆ ಬಜೆಟ್ಟು ಬೇಡ, ವಿಳಾಸ ಬರೆದ ಒಂದು ವಹಿ ಸಾಕು.